ಗಿಡದ ಕೆಳಗೆ ಮಲಗಿದ ಎಲೀಯನು

1 ಅರಸುಗಳು 19ನೇ ಅಧ್ಯಾಯ ತೆಗೆಯಿರಿ.

ಕರ್ಮೆಲ್ ಬೆಟ್ಟದ ಮೇಲೆ ಪ್ರಾರ್ಥಿಸಿ ಬೆಂಕಿ ಇಳಿಸಿದ ಪ್ರವಾದಿ ಇವನು. ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋಗಿ, ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಬಿದ್ಕೊಂಡು, ಸಾಕಪ್ಪಾ, ನನ್ನ ಪ್ರಾಣ ತಗೊಂಡುಬಿಡು ಅಂತಾನೆ.

ನಮ್ಮ ಸಭೆಯ ಒಬ್ಬ ಸಹೋದರಿ ಖಾಸಗಿ ಶಾಲೇಲಿ ಟೀಚರ್. ಅವರನ್ನ ಕೇಳಿಯೇ ಇದನ್ನ ಹೇಳ್ತಿದ್ದೀನಿ, ಹೆಸರು ಬೇಡ. ದಿನಕ್ಕೆ ಏಳು ಪೀರಿಯಡ್. ಬಿಡುವು ಸಿಕ್ಕಿದ್ರೆ ರಜೆ ಹಾಕಿದವರ ಕ್ಲಾಸು. ಮನೆಗೆ ಬರುವಾಗ ಚೀಲದ ತುಂಬ ತಿದ್ದೋ ನೋಟ್‌ಬುಕ್ಕು. ರಾತ್ರಿ ಹತ್ತಾದರೂ ಪೋಷಕರ ವಾಟ್ಸಾಪ್ ನಿಲ್ಲಲ್ಲ. ಬೇಸಿಗೆ ರಜೆ ಅಂದ್ರೆ ಬಿಸಿಲಲ್ಲಿ ಮನೆ ಮನೆಗೆ ಹೋಗಿ ಅಡ್ಮಿಷನ್ ಹುಡುಕೋದು. ಸಂಬಳ ಎರಡು ತಿಂಗಳು ಬಾಕಿ. ಶುಕ್ರವಾರದ ಉಪವಾಸ ಪ್ರಾರ್ಥನೆ ಮುಗಿದ ಮೇಲೆ ಬಂದು, "ಪಾಸ್ಟರ್, ಮಗ ಲೆಕ್ಕ ಹೇಳಿಕೊಡು ಅಂತ ಬಂದ, ಹೊಡೆದುಬಿಟ್ಟೆ. ನನಗೆ ಕೋಪದ ಆತ್ಮ ಹಿಡಿದಿದೆ, ಬಿಡಿಸಿ" ಅಂತ ಅತ್ತರು.

ನಾನೇನು ಹೇಳಿದೆ ಗೊತ್ತಾ? ಇನ್ನೂ ಮೂರು ದಿನ ಉಪವಾಸ ಮಾಡಮ್ಮ ಅಂದೆ. ಅವರು ಮಾಡಿದರು. ಮೂರನೇ ದಿನ ಬೋರ್ಡಿನ ಮುಂದೆ ತಲೆ ಸುತ್ತಿ ಬಿದ್ದರು, ಮಕ್ಕಳೆದುರೇ.

ಆ ರಾತ್ರಿ ಕರ್ತನು ನನಗೆ ಈ ಅಧ್ಯಾಯ ತೋರಿಸಿದನು. ದೇವದೂತ ಎಲೀಯನನ್ನು ಗದರಿಸಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯ್ತು ಅನ್ನಲಿಲ್ಲ. ತಟ್ಟಿ ಎಬ್ಬಿಸಿ ಊಟ ಕೊಟ್ಟ. ರೊಟ್ಟಿ, ನೀರು, ಅಷ್ಟೇ. ತಿಂದ, ಮತ್ತೆ ಮಲಗಿದ. ಮಲಗೋಕೆ ಬಿಟ್ಟನಲ್ಲ ದೇವರು! ಎರಡನೇ ಸಲ ಎಬ್ಬಿಸಿ ಪುನಃ ತಿನ್ನಿಸಿದ, ಯಾಕಂದ್ರೆ ದಾರಿ ಅವನ ಶಕ್ತಿಗೆ ಮೀರಿತ್ತು. ಆಮೇಲೇ ಹೋರೇಬ್, ಆಮೇಲೇ ಆ ಮೆಲ್ಲನೆಯ ಸ್ವರ. ಅಲ್ಲಿ ದೆವ್ವ ಇರಲಿಲ್ಲ, ಪ್ರಿಯರೇ, ದಣಿವು ಇತ್ತು. ನಾನೊಬ್ಬನೇ ಅನ್ನೋ ಸಂಕಟ ಇತ್ತು. ಅದಕ್ಕೇ ಕರ್ತನು ಜೊತೆಗೆ ಎಲೀಷನನ್ನೂ ಕೊಟ್ಟನು.

ಆ ಸಹೋದರಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಈಗ ಇಬ್ಬರು ಅಕ್ಕಂದಿರು ವಾರಕ್ಕೆರಡು ಸಂಜೆ ಅವರ ಮಗನಿಗೆ ಪಾಠ ಹೇಳಿಕೊಡ್ತಾರೆ. ಅವರಿಗೆ ಅಷ್ಟು ಹೊತ್ತು ನಿದ್ದೆ.

ನಿಮ್ಮಲ್ಲಿ ಯಾರಿಗಾದ್ರೂ ಎಲೀಯನ ಹಾಗೆ ಸಾಕಪ್ಪಾ ಅನ್ನಿಸ್ತಿದ್ರೆ ಪ್ರಾರ್ಥನೆಗೂ ಬನ್ನಿ, ಡಾಕ್ಟರ ಹತ್ರಾನೂ ಹೋಗಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೇಳಲ್ಲ. ಇದು ಅವಿಶ್ವಾಸ ಅಲ್ಲ. ಪೌಲನ ಜೊತೆಗಿದ್ದ ಲೂಕನೂ ವೈದ್ಯನೇ.

ಶಾಲೆ ನಡೆಸುವವರೂ ಇಲ್ಲಿ ಕೂತಿದ್ದೀರಿ. ಯಾಕೋಬ 5:4 ಮನೇಲಿ ಓದಿ. ಹಿಡಿದಿಟ್ಟ ಕೂಲಿ ದೇವರ ಕಿವಿಗೆ ಕೂಗುತ್ತೆ. ಸಂಬಳ ತಡೆದು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಬೀರುವಿನಲ್ಲಿ ಇಟ್ಕೊಂಡು, ಬೆಳಗ್ಗೆ ಅಸೆಂಬ್ಲೀಲಿ ಪ್ರಾರ್ಥನೆ ಹೇಳಿಸಿದ್ರೆ ಯಾರಿಗೆ ಮೆಚ್ಚಿಗೆ? ಖಾಸಗಿ ಶಾಲೆ ಶಿಕ್ಷಕರಿಗೂ ಗ್ರಾಚ್ಯುಟಿ ಸಲ್ಲಬೇಕು ಅನ್ನೋ ಕಾನೂನನ್ನ 2022ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿದಿದೆ. ಈ ಮಾತು ಕೆಲವರಿಗೆ ಹಿಡಿಸಲ್ಲ, ಪರವಾಗಿಲ್ಲ.

ಟೀಚರ್‌ಗಳು, ಆಫೀಸಿನವರು, ವ್ಯಾನ್ ಓಡಿಸೋ ಅಣ್ಣಂದಿರು, ಆಯಾ ಅಕ್ಕಂದಿರು, ಮುಂದೆ ಬನ್ನಿ. ಕೈಯಿಟ್ಟು ಪ್ರಾರ್ಥಿಸೋಣ. ಹಿಂದೆ ಊಟ ತಯಾರಿದೆ, ಇವತ್ತು ಯಾರೂ ಉಪವಾಸ ಹೋಗಬಾರದು. ಆಮೆನ್.