ನುಂಗಿದ ಸಿಟ್ಟು, ಬಿಟ್ಟ ಸಿಟ್ಟು

ಊರು ಬಿಟ್ಟು ಮುಂಬಯಿಗೆ ಹೊರಟವರಿಗೆ ಮನೆಯ ಹಿರಿಯರು ಹೇಳಿ ಕಳಿಸುವ ಬುದ್ಧಿಮಾತು ಹೆಚ್ಚುಕಡಿಮೆ ಒಂದೇ. "ಪರಊರು, ಯಾರ ಹತ್ರವೂ ಜಗಳ ಬೇಡ. ಯಾರಾದ್ರೂ ಏನಾದ್ರೂ ಅಂದ್ರೆ ಸುಮ್ಮನಿದ್ದುಬಿಡು." ನಾನು ಮದುವೆಯಾಗಿ ಉಡುಪಿ ಕಡೆಯಿಂದ ಇಲ್ಲಿಗೆ ಬರುವಾಗ ಅಮ್ಮ ಹೇಳಿದ್ದೂ ಇದನ್ನೇ. ಈ ಮಾತನ್ನು ನಂಬಿಕೊಂಡೇ ನಮ್ಮವರು ಇಲ್ಲಿ ಹೋಟೆಲು ನಡೆಸಿದರು, ಹಗಲೆಲ್ಲ ದುಡಿದು ರಾತ್ರಿಶಾಲೆಯಲ್ಲಿ ಓದಿದರು, ಬ್ಯಾಂಕು ಕಚೇರಿಗಳಲ್ಲಿ ಒಳ್ಳೆಯ ಹೆಸರು ಪಡೆದರು. ಕನ್ನಡಿಗರು ಶಾಂತಸ್ವಭಾವದವರು ಎಂದು ನಾವೂ ಹೇಳಿಕೊಳ್ಳುತ್ತೇವೆ, ಬೇರೆಯವರೂ ಹೇಳುತ್ತಾರೆ. ಕೇಳಲು ಹಿತವಾಗಿಯೇ ಇದೆ. ಆದರೆ ಸುಮ್ಮನಿರುವುದೂ ಶಾಂತವಾಗಿರುವುದೂ ಒಂದೇಯೇ ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡಿದೆ.

ಈ ಪ್ರಶ್ನೆ ಹುಟ್ಟಿದ್ದು ನನ್ನ ಮಾವನ ಮಾತಿನಿಂದ. ಅವರು ಹದಿನೆಂಟರ ಹುಡುಗನಾಗಿ ಮುಂಬಯಿಯ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದರು. 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ವಿರುದ್ಧ ಇಲ್ಲಿ ಚಳವಳಿ ನಡೆದು, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದ ಕಾಲ ಅದು. ಅವರ ಹೋಟೆಲಿನ ಗಾಜೂ ಒಡೆಯಿತು. ಯಜಮಾನರು ಶಟರ್ ಎಳೆದು, ಎಲ್ಲರನ್ನೂ ಅಡುಗೆ ಕೋಣೆಗೆ ಕಳಿಸಿ, "ಯಾರೂ ತುಟಿ ಪಿಟಕ್ ಅನ್ನಬಾರದು" ಎಂದರಂತೆ. ಮರುದಿನ ಬೆಳಿಗ್ಗೆ ಎಂದಿನಂತೆ ಒಲೆ ಉರಿಯಿತು. ಅದೇ ಗಲ್ಲಿಯ ಹುಡುಗರು ಬಂದು ಚಹಾ ಕುಡಿದು ಹೋದರು. ಯಾರೂ ಏನೂ ಕೇಳಲಿಲ್ಲ.

"ಎಷ್ಟು ತಾಳ್ಮೆ ನಿಮ್ಮದು!" ಎಂದೆ ನಾನು.

ಮಾವ ನಕ್ಕರು. "ತಾಳ್ಮೆ ಎಲ್ಲಿಂದ ಬಂತು ಮಾರಾಯ್ತಿ? ಅದು ಹೆದರಿಕೆ. ಆ ದಿನ ಮಧ್ಯಾಹ್ನ ಟೇಬಲ್ ಒರೆಸುವ ಹುಡುಗನ ಕೈಯಿಂದ ಒಂದು ಲೋಟ ಬಿತ್ತು. ಯಜಮಾನರು ಗಲ್ಲಾದಿಂದ ಎದ್ದು ಬಂದು ಅವನ ಕೆನ್ನೆಗೆ ಬಾರಿಸಿದರು. ಅವರು ಯಾವತ್ತೂ ಯಾರ ಮೇಲೂ ಕೈ ಮಾಡಿದವರಲ್ಲ. ರಸ್ತೆಯಲ್ಲಿ ಎಸೆದ ಕಲ್ಲು ಕೊನೆಗೆ ಬಿದ್ದದ್ದು ಆ ಹುಡುಗನಿಗೆ."

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆಯನ್ನು ನಾವೆಲ್ಲ ನಗುತ್ತ ಹೇಳುತ್ತೇವೆ. ಆದರೆ ಆ ಕೊತ್ತಿಯ ಜಾಗದಲ್ಲಿ ನಿಂತು ನೋಡಿದರೆ ನಗು ಬರುವುದಿಲ್ಲ. ಲೋಕಲ್ ಟ್ರೈನಿನಲ್ಲಿ ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಕೂರಲು ಹೋಗಿ ಬೈಸಿಕೊಂಡವಳು ಅಲ್ಲಿ ಸುಮ್ಮನಿರುತ್ತಾಳೆ. ಮೇಲಧಿಕಾರಿ ನಾಲ್ಕು ಜನರೆದುರು ಗದರಿಸಿದಾಗ ಗುಮಾಸ್ತ ತಲೆ ತಗ್ಗಿಸುತ್ತಾನೆ. ಸಂಜೆ ಮನೆಗೆ ಬಂದಾಗ ಮಗುವಿನ ಹೋಂವರ್ಕ್ ಆಗಿಲ್ಲ, ಸಾರಿಗೆ ಉಪ್ಪು ಹೆಚ್ಚಾಗಿದೆ. ಅಷ್ಟು ಸಾಕು. ಹೊರಗೆ ನುಂಗಿದ್ದೆಲ್ಲ ಒಳಗೆ ಕಕ್ಕುತ್ತದೆ. ಇಂಥ ಶಾಂತಿಯ ಬಿಲ್ಲನ್ನು ನಮಗಿಂತ ದುರ್ಬಲರಾದವರು ಕಟ್ಟುತ್ತಿರುತ್ತಾರೆ. ಆದ್ದರಿಂದ ಒಬ್ಬನು ಶಾಂತನೋ ಅಲ್ಲವೋ ಎಂದು ತಿಳಿಯಬೇಕಾದರೆ ಅವನಿಗೆ ಬೈದವರನ್ನು ಕೇಳಬಾರದು, ಅವನ ಮನೆಯ ಮಕ್ಕಳನ್ನು ಕೇಳಬೇಕು.

ಒಳಗೆ ಉಳಿಯುವ ಮುಳ್ಳಿನ ಮಾತು ಬಂದಾಗ ನನಗೆ ಕಾರ್ಕಳದ ಗೊಮ್ಮಟ ನೆನಪಾಗುತ್ತಾನೆ. ನಮ್ಮ ಕಡೆಯ ಶಾಲಾಮಕ್ಕಳೆಲ್ಲ ಒಮ್ಮೆಯಾದರೂ ಹತ್ತಿ ನೋಡುವ ಬೆಟ್ಟ ಅದು. 1432ರಲ್ಲಿ ಪ್ರತಿಷ್ಠೆಯಾದ, ಸುಮಾರು 42 ಅಡಿ ಎತ್ತರದ ಮೂರ್ತಿ. ಅಣ್ಣ ಭರತನನ್ನು ಯುದ್ಧದಲ್ಲಿ ಸೋಲಿಸಿದ ಬಾಹುಬಲಿ, ಗೆದ್ದ ಗಳಿಗೆಯಲ್ಲೇ ವೈರಾಗ್ಯ ಬಂದು ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತ. ಹುತ್ತ ಬೆಳೆಯಿತು, ಬಳ್ಳಿ ಹಬ್ಬಿತು. ಆದರೂ ಜ್ಞಾನ ದೊರೆಯಲಿಲ್ಲ. ಯಾಕೆಂದರೆ 'ನಾನು ನಿಂತಿರುವುದು ಭರತನ ನೆಲದ ಮೇಲೆ' ಎಂಬ ಒಂದು ಎಣಿಕೆ ಮನಸ್ಸಿನಲ್ಲಿ ಉಳಿದಿತ್ತು ಎಂದು ಜೈನ ಪರಂಪರೆಯ ಕಥೆ ಹೇಳುತ್ತದೆ. ಭರತನೇ ಬಂದು ನಮಸ್ಕರಿಸಿದ ಮೇಲೆ ಆ ಮುಳ್ಳು ಹೋಯಿತಂತೆ. ಚಿಕ್ಕಂದಿನಲ್ಲಿ ಇದು ಬರೀ ಕಥೆ. ಪರಊರಿನಲ್ಲಿ ಬಾಳಿದ ಮೇಲೆ ಇದು ನಮ್ಮದೇ ಕಥೆ ಅನ್ನಿಸುತ್ತದೆ. ಮೈ ಅಲುಗದೆ ನಿಂತಿದ್ದೇವೆ, ನೋಡಿದವರಿಗೆ ಶಾಂತಮೂರ್ತಿಗಳು. ಒಳಗೆ ಮಾತ್ರ 'ಇದು ಅವರ ನೆಲ' ಎಂಬುದು ಚುಚ್ಚುತ್ತಲೇ ಇರುತ್ತದೆ.

ಹಾಗಾದರೆ ನಿಜವಾದ ಶಾಂತಿ ಹೇಗಿರುತ್ತದೆ? ಅದನ್ನೂ ನಾನು ಕಂಡದ್ದು ಮಾವನಲ್ಲಿಯೇ, ಅವರಿಗೆ ವಯಸ್ಸಾದ ಮೇಲೆ. ಕೆಲವು ವರ್ಷಗಳ ಹಿಂದೆ ನಮ್ಮ ಕೆಳಗಿನ ಫ್ಲ್ಯಾಟಿನ ಬಚ್ಚಲಿನ ಛಾವಣಿಯಲ್ಲಿ ನೀರು ಜಿನುಗತೊಡಗಿತು. ಆ ಮನೆಯವರು ಬೆಳಿಗ್ಗೆ ಏಳಕ್ಕೇ ಮೆಟ್ಟಿಲಲ್ಲಿ ನಿಂತು ಕೂಗಾಡಿದರು. ನೀರಿನ ಮಾತು ಹಿಂದೆ ಬಿದ್ದು, 'ನೀವು ಹೊರಗಿನ ಜನ ಬಂದು ಬಿಲ್ಡಿಂಗೇ ಹಾಳಾಯಿತು' ಎಂಬಲ್ಲಿಗೆ ಬಂತು. ನನ್ನ ಗಂಡನ ಮುಖ ಕೆಂಪೇರಿತು. ಮಾವ ಅವನನ್ನು ಒಳಗೆ ಕಳಿಸಿ, ಚಪ್ಪಲಿ ಮೆಟ್ಟಿಕೊಂಡು, ಮರಾಠಿಯಲ್ಲಿ "ನಡೀರಿ, ಎಲ್ಲಿ ಜಿನುಗ್ತದೆ ತೋರಿಸಿ" ಎಂದು ಅವರೊಂದಿಗೆ ಕೆಳಗಿಳಿದರು. ಸ್ಟೂಲು ಹತ್ತಿ ಕೈಯಿಟ್ಟು ನೋಡಿದರು. ಪ್ಲಂಬರನನ್ನು ಕರೆಸಿದರು. ಬಿಲ್ಡಿಂಗಿನ ಪೈಪಿನ ಜೋಡಣೆ ಸಡಿಲಾಗಿತ್ತು. ಎರಡು ದಿನದಲ್ಲಿ ಸರಿಯಾಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂದು ನಮ್ಮಲ್ಲೇ ಗಾದೆಯಿದೆ, ಅದು ಸುಳ್ಳೂ ಅಲ್ಲ. ಮುಂದೆ ಸೊಸೈಟಿಯ ವಾರ್ಷಿಕ ಸಭೆ ಬಂತು. ಪೈಪಿನ ಖರ್ಚಿನ ವಿಷಯ ಮುಗಿದ ಮೇಲೆ ಮಾವ ಎದ್ದು ನಿಂತರು. "ನೀರು ನಿಂತಿತು. ಆದರೆ ಮೆಟ್ಟಿಲಲ್ಲಿ ಒಂದು ಮಾತು ಬಂತು, ಅದು ಇನ್ನೂ ಅಲ್ಲೇ ಇದೆ. ನಾನು ಈ ಊರಿನಲ್ಲಿ ಐವತ್ತು ವರ್ಷ ಬದುಕಿದವನು. ನನ್ನನ್ನು ಹೊರಗಿನವನು ಅನ್ನಬೇಡಿ, ನನಗೆ ನೋವಾಗುತ್ತದೆ." ಇಷ್ಟೇ. ಸ್ವರ ಏರಿಸಲಿಲ್ಲ, ಹೆಸರೆತ್ತಲಿಲ್ಲ. ಆ ಮನೆಯವರು ತಲೆ ತಗ್ಗಿಸಿ ಕೂತಿದ್ದರು. ಕ್ಷಮೆ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ನನ್ನ ಗಂಡನಿಗೆ ಅದೊಂದು ಕೊರಗು. ಮಾವ ಹೇಳಿದರು, "ಹೇಳಬೇಕಾದ್ದು ಹೇಳಿದೆ. ಅವರು ಕೇಳಲಿ, ಬಿಡಲಿ. ನಂಗೆ ರಾತ್ರಿ ನಿದ್ದೆ ಬಂತು."

ಎರಡು ಸಂದರ್ಭಗಳ ನಡುವೆ ಐವತ್ತು ವರ್ಷ. ಎರಡರಲ್ಲೂ ಅವರು ತಿರುಗಿ ಬೈಯಲಿಲ್ಲ. ಆದರೆ ಮೊದಲ ಸಲ ಸಿಟ್ಟಾದವರಿಂದ ದೂರ ಹೋಗಿ ಅಡಗಿದರು, ಎರಡನೆಯ ಸಲ ಅವರ ಹತ್ತಿರಕ್ಕೆ ಹೋದರು. ಮೊದಲ ಸಲ ಮಾತು ಗಂಟಲಲ್ಲಿ ಉಳಿಯಿತು, ಎರಡನೆಯ ಸಲ ಹೊರಗೆ ಬಂತು. ಮೊದಲ ಸಲ ಒಬ್ಬ ಹುಡುಗ ಪೆಟ್ಟು ತಿಂದ, ಎರಡನೆಯ ಸಲ ಮನೆಯಲ್ಲಿ ಒಂದು ಪಾತ್ರೆಯೂ ಸದ್ದು ಮಾಡಲಿಲ್ಲ.

ಇದು ಹೇಗೆ ಸಾಧ್ಯವಾಯಿತೆಂದು ಕೇಳಿದಾಗ ಮಾವ ಹೇಳಿದ್ದು ಹೀಗೆ: "ಆ ಮನುಷ್ಯ ಆಷಾಢದಲ್ಲಿ ಪಂಢರಪುರಕ್ಕೆ ನಡ್ಕೊಂಡು ಹೋಗುವವ. ನಾನು ಶನಿವಾರ ಭಜನೆಯಲ್ಲಿ ದಾಸರ ಪದ ಹೇಳುವವ. ಅವನ ವಿಠ್ಠಲ ಬೇರೆ, ನನ್ನ ವಿಠಲ ಬೇರೆ ಉಂಟಾ?" ಮಾವ ಪಂಡಿತರಲ್ಲ. ಆದರೆ ಅವರ ಮಾತಿಗೆ ಚರಿತ್ರೆಯ ಬೆಂಬಲವಿದೆ. ಜ್ಞಾನೇಶ್ವರರ ಹೆಸರಿನ ಒಂದು ಅಭಂಗ ವಿಠ್ಠಲನನ್ನು ಕರ್ನಾಟಕದವನೆಂದೇ ಕರೆಯುತ್ತದೆ. ಪುರಂದರದಾಸರು ತಮ್ಮ ಪದಗಳಿಗೆ ಅಂಕಿತವಾಗಿ ಇಟ್ಟುಕೊಂಡದ್ದು ಅದೇ ವಿಠಲನನ್ನು. ವಿಜಯನಗರಕ್ಕೆ ಒಯ್ದಿದ್ದ ವಿಠ್ಠಲನ ಮೂರ್ತಿಯನ್ನು ಭಾನುದಾಸರು ಮತ್ತೆ ಪಂಢರಪುರಕ್ಕೆ ತಂದರೆಂದು ವಾರಕರಿಗಳು ನಂಬುತ್ತಾರೆ. ದೇವರೇ ಈ ಗಡಿಯನ್ನು ಇಷ್ಟು ಸಲ ದಾಟಿರುವಾಗ ಹೊರಗಿನವರು ಯಾರು?

ದೇವರು ಒಂದೇ ಆದಲ್ಲಿ ಪ್ರೀತಿ ಸುಲಭ, ಇಲ್ಲದಿದ್ದರೆ? ಎಂದು ಯಾರಾದರೂ ಕೇಳಬಹುದು, ಕೇಳಲೇಬೇಕು. ಅದಕ್ಕೆ ಭಾನುದಾಸರ ಮರಿಮಗನಾದ ಪೈಠಣದ ಏಕನಾಥರ ಕಥೆಯಿದೆ. ಗೋದಾವರಿಯಲ್ಲಿ ಮಿಂದು ಬರುವಾಗಲೆಲ್ಲ ಒಬ್ಬ ಅವರ ಮೇಲೆ ಉಗುಳುತ್ತಿದ್ದ, ಅವರು ಮತ್ತೆ ಮತ್ತೆ ಹೋಗಿ ಮಿಂದು ಬರುತ್ತಿದ್ದರು. 108 ಸಲ ಎನ್ನುತ್ತಾರೆ. ಕೊನೆಗೆ ಅವನು ಸೋತು ಕಾಲಿಗೆ ಬಿದ್ದಾಗ, ನಿನ್ನಿಂದ ಇಷ್ಟು ಗೋದಾವರಿ ಸ್ನಾನದ ಪುಣ್ಯ ಬಂತು ಎಂದರಂತೆ. ಉಗುಳಿದವನ ದೇವರು ಯಾರೆಂದು ಅವರು ವಿಚಾರಿಸಲಿಲ್ಲ. ನಂಬಿಕೆಯ ಕೆಲಸ ಇದೇ ಎಂದು ನನಗೆ ತೋರುತ್ತದೆ. ಯಾರು ಎಷ್ಟು ಬೈದರು, ನಾನು ಎಷ್ಟು ಬಾಕಿ ಎಂಬ ಲೆಕ್ಕದ ಪುಸ್ತಕವನ್ನು ದೇವರ ಕೈಗೆ ಕೊಟ್ಟರೆ ನಮ್ಮ ಕೈ ಬರಿದಾಗುತ್ತದೆ. ಬರಿಗೈಯಿಂದ ಸ್ಟೂಲು ಹಿಡಿಯಬಹುದು, ಪೈಪು ಮುಟ್ಟಿ ನೋಡಬಹುದು.

ಆದರೆ ಈ ಪಾಠ ನಮ್ಮ ಮೇಲೆ ಕಲ್ಲು ಬಿದ್ದಾಗ ಮಾತ್ರ ಬೇಕಾದ್ದಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಹಿನ್ನೆಲೆಯಲ್ಲಿ ಬೆಂಗಳೂರಿನಲ್ಲಿ ತಮಿಳರ ಮನೆ ಅಂಗಡಿಗಳ ಮೇಲೆ ದಾಳಿಯಾಯಿತು. 2016ರ ಸೆಪ್ಟೆಂಬರಿನಲ್ಲಿ ಅಲ್ಲಿ ತಮಿಳುನಾಡಿನ ಬಸ್ಸುಗಳು ಉರಿದವು, ಚೆನ್ನೈಯಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ದಾಳಿ ನಡೆಯಿತು. ಆಗ 'ನಮ್ಮ ನೆಲ' ಎಂದು ಕೂಗಿದವರಲ್ಲಿ ನಮ್ಮವರೂ ಇದ್ದರು. ನೀರಿನ ನ್ಯಾಯ ಕೇಳುವುದು ತಪ್ಪಲ್ಲ. ಆದರೆ ಶಟರಿನ ಹಿಂದೆ ಉಸಿರು ಬಿಗಿಹಿಡಿದು ಕೂತ ಹುಡುಗನಿಗೆ ಯಾವ ಭಾಷೆಯಾದರೇನು?

ಹೀಗಾಗಿ ಊರಿನಿಂದ ಹೊಸದಾಗಿ ಬರುವ ಮಕ್ಕಳಿಗೆ ನಾನು ಹಿರಿಯರ ಬುದ್ಧಿಮಾತನ್ನು ಸ್ವಲ್ಪ ಬದಲಿಸಿ ಹೇಳುತ್ತೇನೆ. ಜಗಳ ಬೇಡ, ಸರಿ. ಆದರೆ ಸುಮ್ಮನಿರಲೂ ಬೇಡ. ಬೈದವರ ಹತ್ತಿರ ಹೋಗಿ, ತೊಂದರೆ ಏನೆಂದು ಕೇಳು. ನಿನ್ನ ನೋವನ್ನು ಮೆಲ್ಲಗೆ, ನೇರವಾಗಿ ಹೇಳು. ಮನೆಗೆ ಬಂದು ಕೈಕಾಲು ತೊಳೆದು ದೇವರಿಗೆ ದೀಪ ಹಚ್ಚುವಾಗ ಉಳಿದದ್ದನ್ನು ಅಲ್ಲೇ ಇಟ್ಟುಬಿಡು. ಆಮೇಲೆ ನಾಳೆ ಊರಿಗೆ ಫೋನು ಮಾಡಿದಾಗ, ಅಲ್ಲಿ ಪಕ್ಕದ ಮನೆಗೆ ಹೊರಗಿನಿಂದ ಬಂದವರು ಹೇಗಿದ್ದಾರೆ ಎಂದು ಒಂದು ಮಾತು ಕೇಳು.