ಎಂಟು ಗಂಟೆಯೊಳಗಿನ ಊರು

ಬೆಂಗಳೂರಿನಲ್ಲಿ ಓಡುವವರನ್ನೋ ಸೈಕಲ್ ತುಳಿಯುವವರನ್ನೋ ‘ಭಾನುವಾರ ಎಲ್ಲಿಗೆ?’ ಎಂದು ವಿಚಾರಿಸಿದರೆ ಉತ್ತರ ಸ್ಥಳದಿಂದ ಶುರುವಾಗುವುದಿಲ್ಲ, ಹೊತ್ತಿನಿಂದ ಶುರುವಾಗುತ್ತದೆ. ‘ಐದಕ್ಕೆ ಹೆಬ್ಬಾಳ’, ‘ಐದೂವರೆಗೆ ಕಬ್ಬನ್ ಪಾರ್ಕು’. ಒಂಬತ್ತು ಗಂಟೆಗೆ ಸೇರೋಣ ಎನ್ನುವವರು ಬಹುಶಃ ದೋಸೆಗೆ ಕರೆಯುತ್ತಿರುತ್ತಾರೆ.

ಇದು ಬಿಸಿಲಿನ ಭಯ ಅಂದುಕೊಳ್ಳುವಂತಿಲ್ಲ. ಚೆನ್ನೈನವರು ಸೆಕೆಗೆ ಹೆದರಿ ಕತ್ತಲಲ್ಲೇ ಏಳುತ್ತಾರೆ, ಅದು ನ್ಯಾಯ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಡಿಸೆಂಬರಿನ ಹತ್ತು ಗಂಟೆಗೂ ಓಡುವಂಥ ಹವೆಯಿರುತ್ತದೆ. ಇಲ್ಲಿಯ ಭಯ ವಾಹನದ್ದು. ಎಂಟಾಯಿತೆಂದರೆ ಅದೇ ರಸ್ತೆ ಬೇರೆಯವರ ಪಾಲು.

ಈ ಲೆಕ್ಕ ಕಬ್ಬನ್ ಪಾರ್ಕಿನಲ್ಲಿ ನಿಯಮವಾಗಿಯೇ ಜಾರಿಯಲ್ಲಿದೆ. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಈ ಉದ್ಯಾನಕ್ಕೆ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ನಾಮಕರಣವಾಯಿತು. ಆ ಹೆಸರನ್ನು ಆಟೊದವರು ಯಾರೂ ಬಳಸಿದ್ದು ಕೇಳಿಲ್ಲ, ಇರಲಿ. ವಾರದ ದಿನಗಳಲ್ಲಿ ಬೆಳಿಗ್ಗೆ ಐದರಿಂದ ಎಂಟರವರೆಗೆ ಒಳಗಿನ ರಸ್ತೆಗಳಿಗೆ ವಾಹನ ಬರುವಂತಿಲ್ಲ. ಆ ಮೂರು ಗಂಟೆಯಲ್ಲಿ ಟಾರು ರಸ್ತೆಯ ನಟ್ಟನಡುವೆ ಐವರು ಸಾಲಾಗಿ ಹರಟುತ್ತ ಓಡಬಹುದು, ಬೂಟಿನ ಲೇಸು ಕಟ್ಟಲು ಎಲ್ಲಿ ಬೇಕಾದರೂ ಕೂರಬಹುದು. ಎಂಟರ ನಂತರ ಅಲ್ಲೇ ರಸ್ತೆ ದಾಟಲು ಎಡಬಲ ನೋಡುತ್ತ ನಿಲ್ಲಬೇಕು.

ಸೈಕಲ್ಲಿನವರ ಎಂಟು ಗಂಟೆ ಇನ್ನೂ ಬಿಗಿ, ಏಕೆಂದರೆ ಅವರು ಹೋಗುವುದು ದೂರ. ನಂದಿಬೆಟ್ಟ ನಗರದಿಂದ ಸುಮಾರು 60 ಕಿ.ಮೀ. ಹೆಬ್ಬಾಳ, ಯಲಹಂಕ, ದೇವನಹಳ್ಳಿ ಎಂದು ಬಳ್ಳಾರಿ ರಸ್ತೆ ಹಿಡಿದು, ಆಮೇಲೆ ಎಡಕ್ಕೆ ಹೊರಳಿ ದ್ರಾಕ್ಷಿ ತೋಟಗಳ ನಡುವೆ ಕಾರಹಳ್ಳಿ ಕ್ರಾಸ್ ತಲುಪುವ ಹೊತ್ತಿಗೆ ಬೆಳಕು ಹರಿಯುತ್ತದೆ. ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ. ತುದಿ 1,478 ಮೀಟರ್ ಎತ್ತರದಲ್ಲಿದೆ. ಏಳೆಂಟು ಕಿಲೋಮೀಟರಿನ ಏರು, ಒಂದರ ಮೇಲೊಂದು ಹೇರ್‌ಪಿನ್. ಮೊದಲ ತಿರುವುಗಳಲ್ಲಿ ಮಾತು ನಿಲ್ಲುತ್ತದೆ. ಅರ್ಧ ದಾರಿಯಲ್ಲಿ ಗೇರು ಮುಗಿಯುತ್ತದೆ, ಕೊನೆಯ ಕಡಿದಾದ ಭಾಗ ಮಾತ್ರ ಮುಗಿಯುವುದಿಲ್ಲ. ಲಕ್ಷ ರೂಪಾಯಿಯ ಕಾರ್ಬನ್ ಸೈಕಲ್ಲೂ ಮಾಮೂಲಿ ಸೈಕಲ್ಲೂ ಅಲ್ಲಿ ಒಂದೇ ವೇಗದಲ್ಲಿ ತೂರಾಡುತ್ತವೆ. ಮೇಲೆ ತಲುಪಿದವರು ಮಂಟಪ, ಕೋಟೆ, ಟಿಪ್ಪು ಡ್ರಾಪ್ ಎಲ್ಲವನ್ನೂ ಬಿಟ್ಟು ಮೊದಲು ಚಹಾ ಹುಡುಕುತ್ತಾರೆ. ಅರ್ಕಾವತಿ, ಪಾಲಾರ್, ಪೆನ್ನಾರ್ ಹುಟ್ಟುವುದು ಈ ಬೆಟ್ಟಗಳ ಆಸುಪಾಸಿನಲ್ಲಿ. ಅಷ್ಟು ನೀರಿಗೆ ತವರಾದ ಜಾಗದಲ್ಲಿ ಸವಾರನ ಬಾಟಲಿ ಮಾತ್ರ ಖಾಲಿ.

ಬೆಟ್ಟದ ಮೇಲೂ ನಗರ ಬೆನ್ನು ಬಿಡುವುದಿಲ್ಲ. ಸೂರ್ಯೋದಯ ನೋಡುವ ಕಾರುಗಳು ಕತ್ತಲಲ್ಲೇ ಗೇಟಿನ ಮುಂದೆ ಸಾಲುಗಟ್ಟಿರುತ್ತವೆ. ಬಯಲುಸೀಮೆಯ ಸೂರ್ಯನನ್ನು ನೋಡಲು ಟ್ರಾಫಿಕ್ ಜಾಮಿನಲ್ಲಿ ಕಾಯುವ ವಿಚಿತ್ರ ಅಲ್ಲಿ ಪ್ರತಿ ವಾರ ನಡೆಯುತ್ತದೆ. 2021ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆ ಕೆಲ ತಿಂಗಳು ಮುಚ್ಚಿತ್ತು. 2023ರಲ್ಲಿ ರೋಪ್‌ವೇಗೆ ಶಂಕುಸ್ಥಾಪನೆಯಾಯಿತು. ಅದು ಬಂದರೆ ಕಾರುಗಳು ಕೆಳಗೇ ಉಳಿದಾವೋ, ಕೆಳಗಿನ ರಸ್ತೆಯೂ ತುಂಬೀತೋ ನೋಡಬೇಕು. ಸದ್ಯಕ್ಕಂತೂ ಇಳಿಯುವ ಸೈಕಲ್ಲು ಎರಡೂ ಬ್ರೇಕು ಹಿಡಿದೇ ಇಳಿಯುತ್ತದೆ. ತಿರುವಿನಾಚೆ ತಪ್ಪು ಬದಿಯಿಂದ ಯಾರು ಏರಿ ಬರುತ್ತಿದ್ದಾರೋ ಹೇಳಲಾಗದು.

ತಿಂಡಿಯೂ ಈ ಗಡಿಯಾರಕ್ಕೆ ಹೊರತಲ್ಲ. ಹೊಸಕೋಟೆಯಲ್ಲಿ ಭಾನುವಾರ ಸೂರ್ಯ ಹುಟ್ಟುವ ಮುನ್ನವೇ ಬಿರಿಯಾನಿಗೆ ಸರತಿ ನಿಂತಿರುತ್ತದೆ. ಮೈಸೂರು ರಸ್ತೆ ಹಿಡಿದವರಿಗೆ ಬಿಡದಿಯ ತಟ್ಟೆ ಇಡ್ಲಿ. ಸುಟ್ಟ ಕ್ಯಾಲೊರಿ ಎಷ್ಟು, ಏರಿಸಿದ್ದು ಎಷ್ಟು ಎಂದು ಕೈಗಡಿಯಾರದ ಆ್ಯಪನ್ನು ಯಾರೂ ಕೇಳುವುದಿಲ್ಲ.

ಇದೆಲ್ಲ ಸೊಗಸಾಗಿಯೇ ಇದೆ. ಆದರೆ ಎಂಟರೊಳಗೆ ಮುಗಿಸಬೇಕಾದ ಸುಖ ಯಾರಿಗೆ ದಕ್ಕುತ್ತದೆ? ರಾತ್ರಿ ಪಾಳಿ ಮುಗಿಸಿ ಆರಕ್ಕೆ ಮನೆ ಸೇರುವವರಿಗಿಲ್ಲ. ಮಕ್ಕಳ ಡಬ್ಬಿ ಕಟ್ಟಿ, ಎಲ್ಲರನ್ನೂ ಕಳಿಸಿ ಹತ್ತೂವರೆಗೆ ಉಸಿರು ಬಿಡುವ ಹೆಂಗಸರಿಗಿಲ್ಲ. ಐದು ಗಂಟೆಯ ಕತ್ತಲಲ್ಲಿ ಒಬ್ಬಳೇ ಓಡುವ ಧೈರ್ಯ ಎಲ್ಲ ಬಡಾವಣೆಗಳೂ ಕೊಡುವುದಿಲ್ಲ. ಗುಂಪು ಬೇಕು, ಗುಂಪಿನ ಜಾಗಕ್ಕೆ ಹೋಗಲು ಗಾಡಿ ಬೇಕು. ಹೀಗಾಗಿ ಎರಡು ಹೆಜ್ಜೆ ಓಡಲು ಹತ್ತು ಕಿಲೋಮೀಟರ್ ಕಾರು ಓಡಿಸುವುದು ಇಲ್ಲಿ ಯಾರಿಗೂ ನಗು ತರಿಸುವುದಿಲ್ಲ. ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಊರ ಹೊರಗೆ ಹೋಗಿ ತುಳಿದು ಬರುವವರೂ ಇದ್ದಾರೆ. ಅವರನ್ನು ಬೈಯುವುದು ಸುಲಭ. ಮನೆಯ ಮುಂದಿನ ರಸ್ತೆಯಲ್ಲಿ ತುಳಿಯಿರಿ ಎಂದು ಹೇಳುವ ಧೈರ್ಯ ನನಗಂತೂ ಇಲ್ಲ.

ಮನೆಯ ಮುಂದಿನ ರಸ್ತೆಯನ್ನು ಸರಿಪಡಿಸುವ ಪ್ರಯತ್ನ ಆಗಿಲ್ಲವೆಂದಲ್ಲ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸೈಕಲ್ಲಿಗೆಂದೇ ಪಥ ಬಂತು. ನೆಟ್ಟ ಕಂಬಗಳಲ್ಲಿ ಹಲವನ್ನು ವಾಹನಗಳು ಉರುಳಿಸಿದವು, ದ್ವಿಚಕ್ರಗಳು ಅದನ್ನೇ ಒಳದಾರಿ ಮಾಡಿಕೊಂಡವು. ಅದೇ ವರ್ಷದ ಕೊನೆಯಲ್ಲಿ ಚರ್ಚ್ ಸ್ಟ್ರೀಟನ್ನು ವಾರಾಂತ್ಯಕ್ಕೆ ವಾಹನವಿಲ್ಲದ ಬೀದಿ ಮಾಡಿದರು, ಕೆಲ ತಿಂಗಳಿಗೆ ಅದೂ ಮುಗಿಯಿತು.

ಉಳಿದುಕೊಂಡದ್ದು ಕಬ್ಬನ್ ಪಾರ್ಕಿನ ಭಾನುವಾರ. ಅಂದು ವಾಹನಕ್ಕೆ ಇಡೀ ದಿನ ನಿಷೇಧ. ಓಟಗಾರರು ಬೆವರೊರೆಸಿಕೊಂಡು ಹೊರಟ ಮೇಲೆ ಬರುವವರನ್ನು ನೋಡಬೇಕು: ಮೂರು ಚಕ್ರದ ಸೈಕಲ್ಲಿನ ಮಗು ಮತ್ತು ಅದರ ಹಿಂದೆ ಬಗ್ಗಿಕೊಂಡೇ ನಡೆಯುವ ಅಪ್ಪ, ಸ್ಕೇಟಿಂಗ್ ಕಲಿಯುವವರು, ಚಪ್ಪಲಿಯಲ್ಲೇ ಎರಡು ಸುತ್ತು ಹಾಕುವ ಅಜ್ಜಿ. ಯಾರ ಕೈಯಲ್ಲೂ ಸ್ಟಾಪ್‌ವಾಚ್ ಇಲ್ಲ. ಅವರಿಗೆ ಬೇಕಾಗಿದ್ದದ್ದು ಬೆಟ್ಟವಲ್ಲ, ಹಾರ್ನ್ ಇಲ್ಲದ ಒಂದು ಫರ್ಲಾಂಗು.

ದೊಡ್ಡ ಯೋಜನೆಗಳು ಆಗುವಾಗ ಆಗಲಿ, ಚಿಕ್ಕದೊಂದನ್ನು ಕೇಳಬಹುದು. 2008ರಿಂದ ನಡೆಯುತ್ತಿರುವ ವರ್ಲ್ಡ್ ಟೆನ್‌ಕೆ ಓಟದ ದಿನ ನಮ್ಮ ಮೆಟ್ರೊ ನಸುಕಿನಲ್ಲೇ ಹೊರಡುತ್ತದೆ, ಬೋಗಿಯ ತುಂಬ ಬಿಬ್ ಧರಿಸಿದವರೇ. ಮಿಕ್ಕ ಭಾನುವಾರಗಳಲ್ಲಿ ಮೊದಲ ರೈಲು ಏಳಕ್ಕೆ, ಅಂದರೆ ಓಡುವವರ ಅರ್ಧ ಹೊತ್ತು ಕಳೆದ ಮೇಲೆ. ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ಹೆಸರಿನದೇ ನಿಲ್ದಾಣವಿದೆ, ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ಹೆಸರಿನದು. ಭಾನುವಾರವೂ ಐದಕ್ಕೆ ರೈಲು ಹೊರಟರೆ ಉದ್ಯಾನಗಳ ಸುತ್ತ ನಿಲ್ಲುವ ಕಾರುಗಳಲ್ಲಿ ಕೆಲವಾದರೂ ಮನೆಯಲ್ಲೇ ಉಳಿದಾವು. ಗಾಡಿಯಿಲ್ಲದವರೂ ಎಂಟರೊಳಗೆ ಬಂದು ಸೇರಿಯಾರು.