ವಾರದ ಲೆಕ್ಕ

ಉತ್ತರ ಬಂದ ದಿನ ವಿದ್ಯಾರ್ಥಿ ಪುಸ್ತಕ ಮುಚ್ಚುತ್ತಾನೆ. ಬಾರದ ದಿನ ಪುಸ್ತಕ ಅವನನ್ನು ಬಿಡುವುದಿಲ್ಲ.

ವಾರಕ್ಕೊಮ್ಮೆ ತನ್ನ ಕಲಿಕೆಯನ್ನು ಬರೆದಿಡುವವನು ಎರಡನ್ನು ಬೇರ್ಪಡಿಸಬೇಕು: ತಿಳಿದದ್ದು, ತಿಳಿದಂತೆ ತೋರಿದ್ದು. ಎರಡನೆಯ ಪಟ್ಟಿ ಉದ್ದವಾದ ವಾರವೇ ಪ್ರಾಮಾಣಿಕ ವಾರ.

'ತಿಳಿಯಲಿಲ್ಲ' ಎಂಬುದು ಅಳಲು. 'ನಾಲ್ಕನೆಯ ಹಂತದಲ್ಲಿ ಚಿಹ್ನೆ ಏಕೆ ಬದಲಾಯಿತೆಂದು ತಿಳಿಯಲಿಲ್ಲ' ಎಂಬುದು ಪ್ರಶ್ನೆ. ಅರ್ಧ ಪಾಠ ಅಲ್ಲಿಗೇ ಮುಗಿಯಿತು.

ಬೀಜಗಣಿತದ ಧೈರ್ಯ ದೊಡ್ಡದು. ಗೊತ್ತಿಲ್ಲದ್ದಕ್ಕೆ ಎಕ್ಸ್ ಎಂದು ಹೆಸರಿಟ್ಟು ಗೊತ್ತಿರುವವುಗಳ ಸಾಲಿನಲ್ಲೇ ಕೂರಿಸುತ್ತದೆ. ತನ್ನ ಅಜ್ಞಾನವನ್ನು ಮುಚ್ಚಿಟ್ಟವನಿಗೆ ಸಮೀಕರಣ ಬರೆಯಲಾಗದು.

ಯರಗಟ್ಟಿ ಸೀಮೆಯ ಒಕ್ಕಲು ಮನೆಯ ಹುಡುಗಿಗೆ 40 ಗುಂಟೆಗೆ ಒಂದು ಎಕರೆ ಎಂದು ಯಾರೂ ಕಲಿಸಬೇಕಿಲ್ಲ. ಉತಾರ ನೋಡಿಯೇ ಬಲ್ಲಳು. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರಡಿ. ವರ್ಗಮೂಲ ಅವಳ ಹೊಲದಲ್ಲಿ ಮೊದಲೇ ಇತ್ತು. ಶಾಲೆ ಅದಕ್ಕೊಂದು ಚಿಹ್ನೆ ಕೊಟ್ಟಿತು.

ಅದೇ ಚೌಕ ಗುಂಟೆಯನ್ನು ಮೂಲೆಯಿಂದ ಎದುರು ಮೂಲೆಗೆ ದಾಟಿದರೆ 47 ಅಡಿಗೆ ತುಸು ಕಡಿಮೆ. ಕಾಲು ನಡೆದು ಮುಗಿಸಿದ ಆ ದೂರವನ್ನು ದಶಮಾಂಶದಲ್ಲಿ ಬರೆದು ಮುಗಿಸಲು ಯಾರಿಂದಲೂ ಆಗದು.

ಆ ದೂರದಲ್ಲಿ ಅಡಗಿರುವ ಎರಡರ ವರ್ಗಮೂಲ ಅಭಾಗಲಬ್ಧವೆಂದು ಹತ್ತನೆಯ ತರಗತಿ ಸಾಧಿಸುವ ಬಗೆ ನೋಡಬೇಕು. ಮೊದಲು ಅದು ಭಾಗಲಬ್ಧವೆಂದೇ ಒಪ್ಪುತ್ತದೆ. ಆ ಒಪ್ಪಿಗೆ ತನ್ನ ಮಾತನ್ನು ತಾನೇ ಮುರಿಯುವವರೆಗೂ ಬಿಡದೆ ಹಿಂಬಾಲಿಸುತ್ತದೆ. ಎದುರಾಳಿಯನ್ನು ಕೊನೆಯವರೆಗೆ ಕೇಳಿದ ಮೇಲೆಯೇ ತಳ್ಳಿಹಾಕುವ ಈ ಸೌಜನ್ಯ ಬೇರೆ ಪಾಠಗಳಲ್ಲಿ ಅಪರೂಪ.

ಪ್ರಮೇಯವನ್ನು ಬಾಯಿಪಾಠ ಮಾಡಿದವನಿಗೆ ಚಿತ್ರದ ಅಕ್ಷರ ಬದಲಾದರೆ ದಾರಿ ತಪ್ಪುತ್ತದೆ. ಥೇಲ್ಸನ ಪ್ರಮೇಯ ಎಬಿಸಿ ಎಂಬ ಒಂದು ತ್ರಿಭುಜದ ಆಸ್ತಿಯಲ್ಲ.

ಮಗ್ಗಿ ಮಾತ್ರ ಬಾಯಿಗೆ ಬರಲೇಬೇಕು. ಏಳೆಂಟಲಿ ಎಷ್ಟೆಂದು ತಡಕಾಡುವ ಮನಸ್ಸಿಗೆ ವಿಚಾರ ಮಾಡಲು ಬಿಡುವಿಲ್ಲ.

ಎಸ್ಸೆಸ್ಸೆಲ್ಸಿ ಗಣಿತದ ಲಿಖಿತ ಪರೀಕ್ಷೆ 80 ಅಂಕಗಳದ್ದು. ಉತ್ತರ ತಪ್ಪಿದರೂ ಸರಿಯಾದ ಹಂತಕ್ಕೆ ಅಲ್ಲಿ ಬೆಲೆಯಿದೆ. ಮನೆಯಲ್ಲಿ ಕೇಳುವುದು ಒಟ್ಟು ಎಷ್ಟು ಬಿತ್ತು ಎಂದಷ್ಟೇ.

'ಗಣಿತ ತಲಿಗೆ ಹತ್ತೂದಿಲ್ಲ' ಎಂದು ಮಗುವಿನೆದುರು ಹೇಳುವ ಹಿರಿಯರು ಸಂತೆಯಲ್ಲಿ ಕಾಗದವಿಲ್ಲದೆ ಕ್ವಿಂಟಲ್ಲಿನ ಲೆಕ್ಕ ಕಟ್ಟುತ್ತಾರೆ. ಮಗುವಿಗೆ ಅಂಜಿಕೆ ರಕ್ತದಿಂದ ಬರಲಿಲ್ಲ, ಆ ಮಾತಿನಿಂದ ಬಂತು.

ಕನ್ನಡದಲ್ಲಿ ಗಣಿತ ಓದುವುದು ಕೊರತೆಯೆಂದು ಭಾವಿಸುವವರಿಗೆ ಪೂವಿನಬಾಗೆಯ ರಾಜಾದಿತ್ಯ ಹನ್ನೆರಡನೆಯ ಶತಮಾನದಲ್ಲೇ ಉತ್ತರ ಬರೆದಿಟ್ಟಿದ್ದಾನೆ. ಆ ಉತ್ತರದ ಹೆಸರು 'ವ್ಯವಹಾರಗಣಿತ'.

ವರ್ಗ ಸಮೀಕರಣದ ಶೋಧಕ ಋಣವಾದರೆ ವಾಸ್ತವ ಮೂಲಗಳಿಲ್ಲ. ಹುಡುಕಿ ಸಿಗದಿರುವುದು ಸೋಲು. ಇಲ್ಲವೆಂದು ಸಾಧಿಸುವುದು ಜ್ಞಾನ.

ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಕಂಡುಕೊಂಡ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದೂ ಅದೇ ಗ್ರಂಥದಲ್ಲಿ ಬರೆದ. ಐದನ್ನು ಸೊನ್ನೆಯಿಂದ ಭಾಗಿಸೆಂದರೆ ಇಂದು ಪ್ರೌಢಶಾಲೆಯ ಮಗು ಪೆನ್ಸಿಲ್ ನಿಲ್ಲಿಸಿ 'ಆಗದು' ಎನ್ನುತ್ತದೆ. ಏಕೆಂದು ಕೇಳಿದರೆ, ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ ಐದು ಮರಳಿ ಬಾರದು ಎಂದು ಮಾಡಿ ತೋರಿಸುತ್ತದೆ.